ಬಳಸುವವರ ಮಾತು, ಬರೆಯುವವರ ಕಿವಿ



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಇನ್ನೂ ನಾಲ್ಕಾರು ವರ್ಷ ಸಲೀಸಾಗಿ ಓಡಬಲ್ಲ ಎಷ್ಟೋ ಕಂಪ್ಯೂಟರುಗಳಿಗೆ ವಿಂಡೋಸ್ 11 ಕೇಳುವ ಯಂತ್ರಾಂಶವಿಲ್ಲ. ಅವುಗಳನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿ ನೋಡೋಣ ಎಂದು ಶಾಲೆಗಳು, ಸಣ್ಣ ಕಚೇರಿಗಳು, ಮನೆಗಳು ಯೋಚಿಸುತ್ತಿವೆ. ಹೀಗೆ ಹೊಸದಾಗಿ ಬಂದವರು ಒಂದೆರಡು ವಾರದಲ್ಲೇ ಮಾತು ಶುರುಮಾಡುತ್ತಾರೆ: ಪ್ರಿಂಟರ್ ಸೇರಿಸುವುದು ಇಷ್ಟು ಸುತ್ತಾಗಬಾರದಿತ್ತು, ಕನ್ನಡ ಕೀಲಿಮಣೆ ಮೊದಲೇ ಸಿದ್ಧವಿರಬೇಕಿತ್ತು, ತಪ್ಪಾದಾಗ ತೋರಿಸುವ ಸಂದೇಶ ಮನುಷ್ಯರ ಭಾಷೆಯಲ್ಲಿರಬೇಕಿತ್ತು. ಲಿನಕ್ಸ್ ಯಾವ ಒಬ್ಬ ಒಡೆಯನ ಸೊತ್ತೂ ಅಲ್ಲ, ಅದರ ಒಳಗನ್ನು ಯಾರು ಬೇಕಾದರೂ ತೆರೆದು ತಿದ್ದಬಹುದು. ಇಂಥದ್ದನ್ನು ಮುಕ್ತ ತಂತ್ರಾಂಶ ಎನ್ನುತ್ತೇವೆ. ಹಾಗಿದ್ದರೆ ಬಳಸುವವರ ಈ ಸಲಹೆಗಳು ಎಲ್ಲಿಗೆ ಹೋಗುತ್ತವೆ? ಎಷ್ಟು ದೂರ ಹೋಗುತ್ತವೆ? ಯಾವುವು ದಡ ಮುಟ್ಟುತ್ತವೆ, ಯಾವುವು ನಡುದಾರಿಯಲ್ಲೇ ಉಳಿಯುತ್ತವೆ? ಇಂದಿನ ಮಾತು ಇದರ ಬಗ್ಗೆ.

ಈ ಪ್ರಶ್ನೆಗೆ ಬೇಕಾದ ಒಂದು ಗಟ್ಟಿ ಆಧಾರ ಸಿಕ್ಕಿದ್ದು ನೆದರ್ಲೆಂಡ್ಸ್ ದೇಶದ ದಕ್ಷಿಣ ತುದಿಯ ಮಾಸ್ಟ್ರಿಕ್ಟ್ ನಗರದಲ್ಲಿ. ಮ್ಯೂಸ್ ನದಿಯ ದಂಡೆಯ ಈ ಊರಿನ ಹೆಸರು ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ 1992ರ ಒಪ್ಪಂದದ ಕಾರಣಕ್ಕೆ. ಯುರೋಪಿಯನ್ ಒಕ್ಕೂಟ ಹುಟ್ಟಿದ್ದು ಆ ಒಪ್ಪಂದದಿಂದ. ಮುಕ್ತ ತಂತ್ರಾಂಶದ ಅಧ್ಯಯನದಲ್ಲೂ ಈ ಊರಿಗೆ ಒಂದು ಸ್ಥಾನವಿದೆ. 2002ರಲ್ಲಿ ಯುರೋಪಿಯನ್ ಆಯೋಗದ ನೆರವಿನಿಂದ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಇನ್ಫೊನಾಮಿಕ್ಸ್ ಸಂಸ್ಥೆಯಲ್ಲಿ ರಿಷಬ್ ಅಯ್ಯರ್ ಘೋಷ್ ಮತ್ತು ಅವರ ಸಂಗಡಿಗರು ಒಂದು ದೊಡ್ಡ ಸಮೀಕ್ಷೆ ನಡೆಸಿದರು. ಮುಕ್ತ ತಂತ್ರಾಂಶ ಬರೆಯುವವರು ಯಾರು, ಯಾಕೆ ಬರೆಯುತ್ತಾರೆ, ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಎಂಬುದು ಅದರ ವಿಷಯ. ಅಲ್ಲಿಯವರೆಗೆ ಈ ಬಗ್ಗೆ ಕೇಳಿಬರುತ್ತಿದ್ದದ್ದು ಹೆಚ್ಚಾಗಿ ಊಹೆ ಮತ್ತು ಅಭಿಮಾನದ ಮಾತು. ಈ ಸಮೀಕ್ಷೆಗೆ 2,784 ಮಂದಿ ಉತ್ತರಿಸಿದರು. ಅವರಲ್ಲಿ ನೂರಕ್ಕೆ 98.9ರಷ್ಟು ಗಂಡಸರು. ಸರಾಸರಿ ವಯಸ್ಸು 27ರ ಆಸುಪಾಸು. ಹೆಚ್ಚಿನವರು ಯುರೋಪಿನವರು, ಬಹುಪಾಲು ಮಂದಿ ಕಂಪ್ಯೂಟರ್ ವೃತ್ತಿಯವರು ಇಲ್ಲವೇ ಅದನ್ನು ಓದುತ್ತಿದ್ದ ವಿದ್ಯಾರ್ಥಿಗಳು. ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಕೇಳಿದಾಗ ಸುಮಾರು 79 ಶೇಕಡಾ ಜನ ಹೊಸ ಕೌಶಲ ಕಲಿಯುವುದಕ್ಕೆ ಎಂದರು. ತಿಳಿದದ್ದನ್ನು ಹಂಚಿಕೊಳ್ಳುವುದಕ್ಕೆ ಎಂದವರು ಅರ್ಧದಷ್ಟು.

ಈ ಅಂಕಿಗಳಲ್ಲಿ ಯಾರನ್ನೂ ದೂಷಿಸುವಂಥದ್ದು ಏನೂ ಇಲ್ಲ. ಕಲಿಯಬೇಕು, ಕಲಿತದ್ದನ್ನು ಹಂಚಬೇಕು ಎಂಬುದಕ್ಕಿಂತ ಒಳ್ಳೆಯ ಕಾರಣ ಯಾವುದಿದೆ? ಆದರೆ ಅದರ ಪರಿಣಾಮವನ್ನು ನೋಡಬೇಕು. ತನ್ನ ಕಲಿಕೆಗಾಗಿ ಬರೆಯುವ ಇಪ್ಪತ್ತೇಳರ ಎಂಜಿನಿಯರನು ತನಗೆ ಎದುರಾದ ತೊಡಕನ್ನೇ ಮೊದಲು ಬಿಡಿಸುತ್ತಾನೆ. ಅವನಿಗೆ ಎದುರಾಗದ ತೊಡಕು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಕಣ್ಣು ಮಂಜಾದ ಅರವತ್ತರ ಗುಮಾಸ್ತೆ, ಒಂದೇ ಕಂಪ್ಯೂಟರನ್ನು ನಾಲ್ವರು ಮಕ್ಕಳು ಹಂಚಿಕೊಳ್ಳುವ ಹಳ್ಳಿಶಾಲೆಯ ಟೀಚರು, ಇಂಗ್ಲಿಷಿನ ಹಂಗಿಲ್ಲದೆ ಲೆಕ್ಕ ಬರೆಯಬೇಕೆನ್ನುವ ಸಹಕಾರಿ ಸಂಘದ ಕಾರ್ಯದರ್ಶಿ, ಇವರ ಅನುಭವ ಅವನಿಗೆ ತಲುಪಲು ಇರುವ ದಾರಿ ಒಂದೇ: ಅವರು ಹೇಳಬೇಕು, ಅವನು ಕೇಳಬೇಕು. ಆದ್ದರಿಂದ ನನ್ನ ವಾದ ಇಷ್ಟು. ಬಳಕೆದಾರರ ಸಲಹೆಯನ್ನು ನಾವು ಈವರೆಗೆ ದೂರು ಎಂದೋ ಬೇಡಿಕೆ ಎಂದೋ ಮತ ಎಂದೋ ಎಣಿಸಿದ್ದೇವೆ. ಬರೆಯುವವರಿಗೆ ಬೇರೆ ಯಾವ ದಾರಿಯಿಂದಲೂ ಸಿಗದ ಮಾಹಿತಿ ಅದು. ಆ ಮಾಹಿತಿಯನ್ನು ಸಂಗ್ರಹಿಸಿ, ಪರೀಕ್ಷಿಸಿ, ತಿದ್ದುವ ಕೈಗಳವರೆಗೆ ಒಯ್ಯುವ ಒಂದು ಸಂಸ್ಥೆ ನಡುವೆ ನಿಂತರೆ ಮಾತ್ರ ಅದಕ್ಕೆ ಬೆಲೆ ಬರುತ್ತದೆ.

ಕನ್ನಡದ್ದೇ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸೂರ್ಯ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಬರುವ ರ‍್ಯಾಂಕ್ ಎಂಬ ಪದದಲ್ಲಿ ರಕಾರ ತನ್ನ ಜಾಗದಲ್ಲೇ ಪೂರ್ಣವಾಗಿ ಉಳಿದು, ಯಕಾರ ಒತ್ತಾಗಿ ಕೆಳಗೆ ಇಳಿಯಬೇಕು. ಕಂಪ್ಯೂಟರಿಗೆ ಎರಡೂ ಕಡೆ ಇರುವುದು ರಕಾರ, ಹಲಂತ, ಯಕಾರ ಅಷ್ಟೇ. ಎರಡನೆಯ ರೂಪ ಬೇಕಾದರೆ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಇಡಬೇಕೆಂದು ಯೂನಿಕೋಡ್ ನಿಯಮ ಹೇಳುತ್ತದೆ. ಈ ಚಿಹ್ನೆ ಯಾವ ಕೀಲಿಯಲ್ಲಿದೆ ಎಂದು ಎಷ್ಟು ಜನ ಶಿಕ್ಷಕರಿಗೆ ಗೊತ್ತು? ಗೊತ್ತಿಲ್ಲದವರು ಅರ್ಕಾವತ್ತಿನ ರೂಪದಲ್ಲೇ ಬರೆದು ಬಿಡುತ್ತಾರೆ. ಗೊತ್ತಿರುವವರು ಚಿಹ್ನೆ ಸೇರಿಸಿ ಬರೆಯುತ್ತಾರೆ. ಆಮೇಲೆ ಕಡತ ಹುಡುಕುವಾಗ ತಂತ್ರಾಂಶಕ್ಕೆ ಇವು ಎರಡು ಬೇರೆ ಬೇರೆ ಪದಗಳು. ಒಂದನ್ನು ಕೇಳಿದರೆ ಇನ್ನೊಂದು ಸಿಗುವುದಿಲ್ಲ. ಹುಡುಕುವಾಗ ಕಾಣದ ಚಿಹ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂಬುದು ಸಣ್ಣ ಸಲಹೆ. ತಿದ್ದುಪಡಿಯೂ ದೊಡ್ಡದಲ್ಲ. ಆದರೆ ಮಾಸ್ಟ್ರಿಕ್ಟ್ ಸಮೀಕ್ಷೆಯಲ್ಲಿ ಕಾಣಿಸಿದಂಥ ತಂಡ ಎಷ್ಟೇ ಜಾಣರದ್ದಾದರೂ ಇದನ್ನು ತಾನಾಗಿ ಕಂಡುಹಿಡಿಯುವುದು ಸಾಧ್ಯವಿಲ್ಲ. ಕನ್ನಡದಲ್ಲಿ ದಿನಾ ಟೈಪ್ ಮಾಡುವವರು ಹೇಳಿದರಷ್ಟೇ ಅದು ಗೊತ್ತಾಗುವುದು. ಲಿಪಿಗೆ ಸಂಬಂಧಿಸಿದ ಇನ್ನೆರಡು ಸಂಗತಿಗಳೂ ಇಂಥವೇ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಮೆನು ಸಾಲಿನಲ್ಲಿ ನಮ್ಮ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. ಕೀಲಿಮಣೆ ಕನ್ನಡದಲ್ಲಿರುವಾಗಲೇ ಪರದೆಗೆ ಬೀಗ ಬಿದ್ದರೆ, ಗುಪ್ತಪದ ಕನ್ನಡ ಅಕ್ಷರವಾಗಿ ಇಳಿಯುತ್ತದೆ. ಕಾಣುವುದು ಚುಕ್ಕಿಗಳು ಮಾತ್ರವಾದ್ದರಿಂದ ಬಳಸುವವರು ತಮ್ಮ ನೆನಪನ್ನೇ ಅನುಮಾನಿಸುತ್ತಾರೆ.

ಭಾಷೆಗಳ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಕೆಲಸ ಮುಗಿಯಿತು ಎಂಬ ಭ್ರಮೆಯೂ ನಮ್ಮಲ್ಲಿ ಇದೆ. ಇಲ್ಲಿ ಮಾಸ್ಟ್ರಿಕ್ಟ್ ಇನ್ನೊಂದು ರೀತಿಯಲ್ಲಿ ನೆನಪಿಗೆ ಬರುತ್ತದೆ. ಆ ಊರಿನ ಜನ ಮನೆಯಲ್ಲಿ, ಬೀದಿಯಲ್ಲಿ ಆಡುವುದು ಲಿಂಬರ್ಗಿಷ್ ಭಾಷೆಯ ಒಂದು ಬಗೆ. 1997ರಲ್ಲಿ ನೆದರ್ಲೆಂಡ್ಸ್ ಸರ್ಕಾರ ಅದನ್ನು ಪ್ರಾದೇಶಿಕ ಭಾಷೆಯೆಂದು ಮಾನ್ಯ ಮಾಡಿತು. ಲಿನಕ್ಸಿನ ತಳದಲ್ಲಿರುವ ಭಾಷಾ ಪಟ್ಟಿಯಲ್ಲಿ ಲಿಂಬರ್ಗಿಷ್‌ಗೂ ಜಾಗವಿದೆ, ಕನ್ನಡಕ್ಕೂ ಇದೆ. ಲಾಭದ ಲೆಕ್ಕ ಹಾಕುವ ಕಂಪನಿಯಿಂದ ನಿರೀಕ್ಷಿಸಲಾಗದ ಔದಾರ್ಯ ಇದು, ಇದಕ್ಕಾಗಿ ಮುಕ್ತ ತಂತ್ರಾಂಶವನ್ನು ಮೆಚ್ಚಲೇಬೇಕು. ಆದರೆ ಆ ಜಾಗ ತುಂಬುವುದು ಬಳಸುವವರು ದಿನವೂ ಕೊಡುವ ತಿದ್ದುಪಡಿಯಿಂದ. ರೆಡ್ ಹ್ಯಾಟ್ ಕಂಪನಿ ತನ್ನ ಪುಣೆ ಕಚೇರಿಯಲ್ಲಿ ಭಾರತೀಯ ಭಾಷೆಗಳ ಅನುವಾದಕರಿಗೆ ಸಂಬಳ ಕೊಟ್ಟಿದ್ದ ಕಾಲದಲ್ಲಿ ಕನ್ನಡ ಅನುವಾದಕ್ಕೆ ಒಂದು ನೆಲೆ ಇತ್ತು, ಲೋಹಿತ್ ಅಕ್ಷರಶೈಲಿಯನ್ನೂ ಅದೇ ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳು ಕನ್ನಡದ ಉತ್ಸಾಹಿಗಳ ಕೈಯಿಂದ ಬಂದು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಭಂಡಾರ ಸೇರಿದವು. ಎರಡೂ ಬಗೆಯ ದುಡಿಮೆ ದೊಡ್ಡದು. ಆದರೂ ಅನುವಾದವಾದ ಪದ ಬಳಸುವವರಿಗೆ ಅರ್ಥವಾಯಿತೇ ಎಂದು ಕೇಳಿ ತಿರುಗಿ ತಿಳಿಸುವ ಕಾಯಂ ವ್ಯವಸ್ಥೆ ಎರಡರಲ್ಲೂ ಕಾಣಲಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಕೇಳಿದರೆ ಸಲಹೆಗಳ ಪ್ರವಾಹ ಬರುತ್ತದೆ, ಅದರಲ್ಲಿ ಕಾಳು ಯಾವುದು ಜೊಳ್ಳು ಯಾವುದು ಎಂದು ತಿಳಿಯುವುದಿಲ್ಲ ಎಂಬುದು. ಇದಕ್ಕೆ ಇತಿಹಾಸದಲ್ಲಿ ಆಧಾರವಿದೆ. ಲಿನಕ್ಸಿನ ಒಂದು ಹೆಸರಾಂತ ಆವೃತ್ತಿಯಾದ ಉಬುಂಟು 2008ರ ಫೆಬ್ರವರಿಯಲ್ಲಿ ಬ್ರೈನ್‌ಸ್ಟಾರ್ಮ್ ಎಂಬ ವ್ಯವಸ್ಥೆ ತೆರೆಯಿತು. ಯಾರು ಬೇಕಾದರೂ ಸಲಹೆ ಬರೆಯಬಹುದು, ಉಳಿದವರು ಮತ ಹಾಕಬಹುದು. ಸಾವಿರಾರು ಸಲಹೆಗಳು ಬಂದವು. 2013ರ ಹೊತ್ತಿಗೆ ಅದನ್ನು ಮುಚ್ಚಿದರು. ಯಾಕೆ? ಮತ ಎಣಿಸುವ ಯಂತ್ರ ಇತ್ತು, ಆದರೆ ಹೆಚ್ಚು ಮತ ಬಂದದ್ದನ್ನು ಮಾಡಿಕೊಡುವ ಹೊಣೆ ಯಾರ ಮೇಲೂ ಇರಲಿಲ್ಲ. ಅದೇ ಉಬುಂಟು 2009ರಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಕಾಗದದ ಅಂಚು ತಾಗಿ ಬೆರಳಿಗೆ ಆಗುವ ಸಣ್ಣ ಗಾಯದ ಹೆಸರನ್ನು ಅದಕ್ಕೆ ಇಟ್ಟಿದ್ದರು. ಹೊಸದಾಗಿ ಉಬುಂಟು ಹಾಕಿಕೊಂಡವರಿಗೆ ಮೊದಲ ದಿನವೇ ಎದುರಾಗುವ, ಸುಲಭವಾಗಿ ಸರಿಪಡಿಸಬಹುದಾದ ತೊಡಕುಗಳನ್ನಷ್ಟೇ ತಿಳಿಸಿ ಎಂದು ಕೇಳಿದರು. ಆ ವರ್ಷದ ಅಕ್ಟೋಬರಿನ 9.10 ಆವೃತ್ತಿಯೊಳಗೆ ಅಂಥ ನೂರನ್ನು ಬಗೆಹರಿಸುವುದು ಗುರಿ. ಸಲಹೆ ಎಂಥದಿರಬೇಕು, ಅದನ್ನು ಯಾವಾಗಿನೊಳಗೆ ನೋಡಬೇಕು, ನೋಡುವವರು ಯಾರು ಎಂಬ ಮೂರೂ ಮೊದಲೇ ತೀರ್ಮಾನವಾಗಿದ್ದರಿಂದ ಅದು ಫಲ ಕೊಟ್ಟಿತು. ಜನ ಅವರೇ, ಉಬುಂಟು ಅದೇ. ಬದಲಾದದ್ದು ನಡುವಿನ ವ್ಯವಸ್ಥೆ. ಹೀಗಾಗಿ ಪ್ರವಾಹದ ಭಯ ಸಲಹೆ ಕೇಳಬಾರದೆನ್ನುವುದಕ್ಕೆ ಕಾರಣವಾಗಲಾರದು, ಹೇಗೆ ಕೇಳಬೇಕೆನ್ನುವುದಕ್ಕೆ ಅದು ಪಾಠ.

ಎರಡನೆಯ ಆಕ್ಷೇಪ ವಿನ್ಯಾಸಕಾರರದು. ಬಳಸುವವರು ತಮಗೆ ರೂಢಿಯಾದದ್ದನ್ನೇ ಕೇಳುತ್ತಾರೆ, ಮತಕ್ಕೆ ಹಾಕಿದರೆ ಒಳ್ಳೆಯ ವಿನ್ಯಾಸ ಹುಟ್ಟುವುದಿಲ್ಲ ಎನ್ನುತ್ತಾರೆ. 2010ರ ಉಬುಂಟು 10.04ರಲ್ಲಿ ಕಿಟಕಿ ಮುಚ್ಚುವ ಗುಂಡಿಗಳನ್ನು ಬಲದಿಂದ ಎಡಕ್ಕೆ ಸರಿಸಿದಾಗ ಬಳಕೆದಾರರು ಜೋರಾಗಿ ವಿರೋಧಿಸಿದರು. ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಇದು ಪ್ರಜಾಪ್ರಭುತ್ವವಲ್ಲ, ಆಧಾರ ತಂದರೆ ಕೇಳುತ್ತೇವೆ, ವಿನ್ಯಾಸಕ್ಕೆ ಮತದಾನ ನಡೆಸುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಗುಂಡಿಗಳು 2017ರಲ್ಲಿ ಬಲಕ್ಕೆ ಮರಳಿದವು, ಅದೂ ಇಡೀ ಡೆಸ್ಕ್‌ಟಾಪನ್ನೇ ಬದಲಿಸಿದಾಗ. ಶಟಲ್‌ವರ್ತ್ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ ಎಂದು ನಾನು ಒಪ್ಪುತ್ತೇನೆ. ಎಣಿಕೆಯಿಂದ ವಿನ್ಯಾಸ ತೀರ್ಮಾನವಾಗಬಾರದು. ಆದರೆ ಆಧಾರ ತನ್ನಿ ಎಂದು ಬಳಸುವವರಿಗೆ ಹೇಳಿ ಸುಮ್ಮನಾಗುವುದೂ ಸರಿಯಲ್ಲ. ಆಧಾರ ಸಂಗ್ರಹಿಸುವ ಬಲ ಇರುವುದು ಸಂಸ್ಥೆಗೆ. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಗ್ನೋಮ್ ಎಂಬ ಮುಕ್ತ ಡೆಸ್ಕ್‌ಟಾಪನ್ನು ಹೊಸಬರ ಕೈಗೆ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆ ಎಂದು ಕೂತು ನೋಡಿತು. ತಯಾರಿಸಿದವರಿಗೆ ಸಹಜವಾಗಿದ್ದ ಹೆಸರುಗಳು ಹೊಸಬರಿಗೆ ಒಗಟಾಗಿದ್ದವು. ಮರುವರ್ಷದ ಗ್ನೋಮ್ 2 ಸರಳವಾದದ್ದರ ಹಿಂದೆ, ಅದರ ವಿನ್ಯಾಸ ಸೂತ್ರಗಳ ಹಿಂದೆ ಆ ಅಧ್ಯಯನದ ಪಾಲಿದೆ. ಬಳಸುವವರು ಬಾಯಿಬಿಟ್ಟು ಹೇಳದ್ದನ್ನೂ ಹೀಗೆ ಸಲಹೆಯಾಗಿ ಓದಬಹುದು. ಇನ್ನು ಕೆಲವು ವಿಷಯಗಳಲ್ಲಿ ಬಳಕೆದಾರರೇ ಸರಿ, ತಯಾರಕರೇ ತಪ್ಪು. 2012ರಲ್ಲಿ ಉಬುಂಟು 12.10, ಬಳಸುವವರು ತಮ್ಮ ಸ್ವಂತ ಕಡತ ಹುಡುಕಲು ಬರೆದ ಪದವನ್ನೂ ಹೊರಗಿನ ಸರ್ವರಿಗೆ ಕಳಿಸಿ ಅಮೆಜಾನ್ ಸರಕುಗಳನ್ನು ತೋರಿಸತೊಡಗಿತು. ಖಾಸಗಿತನದ ಪ್ರಶ್ನೆ ಎತ್ತಿ ಜನ ಪ್ರತಿಭಟಿಸಿದರು. ತಾನಾಗಿ ಚಾಲೂ ಇರುತ್ತಿದ್ದ ಆ ಸೌಲಭ್ಯ ಕೇಳಿದವರಿಗೆ ಮಾತ್ರ ಎಂದಾಗಲು 2016ರ 16.04ರವರೆಗೆ ಕಾಯಬೇಕಾಯಿತು. ಮೊದಲ ವಾರದಲ್ಲೇ ಸರಿಯಾಗಿದ್ದ ಮಾತನ್ನು ಒಪ್ಪಲು ಮೂರೂವರೆ ವರ್ಷ!

ಮೂರನೆಯ ಆಕ್ಷೇಪ ಹೆಚ್ಚು ನೈತಿಕವಾದದ್ದು. ಬಿಟ್ಟಿಯಾಗಿ ದುಡಿದು ಕೊಟ್ಟವರನ್ನು ಅದು ಸರಿಯಿಲ್ಲ, ಇದು ಸರಿಯಿಲ್ಲ ಎನ್ನುವ ಹಕ್ಕು ನಮಗೆ ಎಲ್ಲಿಂದ ಬಂತು? ಸ್ವಯಂಸೇವಕರ ಮೇಲೆ ರೇಗುವ ಹಕ್ಕು ಖಂಡಿತ ಯಾರಿಗೂ ಇಲ್ಲ. ಆದರೆ ಅದನ್ನು ಬಳಸಿ ಹಣ ಉಳಿಸುವ ಸಾರ್ವಜನಿಕ ಸಂಸ್ಥೆಗಳಿಗೆ ತಿರುಗಿ ಕೊಡುವ ಹೊಣೆ ಇದೆ, ಇದನ್ನೂ ಮಾಸ್ಟ್ರಿಕ್ಟ್ ಅಧ್ಯಯನಗಳೇ ತೋರಿಸುತ್ತವೆ. ಘೋಷ್ ಅವರು 2003ರ ಡಿಸೆಂಬರಿನಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಲೆಕ್ಕವಿದೆ. ವಿಂಡೋಸ್ ಎಕ್ಸ್‌ಪಿ ಮತ್ತು ಆಫೀಸ್ ಎಕ್ಸ್‌ಪಿ ಸೇರಿ ಆಗ ಅಮೆರಿಕದಲ್ಲಿ 560 ಡಾಲರ್ ಆಗಿತ್ತು. ತಲಾ ಆದಾಯಕ್ಕೆ ಹೋಲಿಸಿದರೆ ಅದು ದಕ್ಷಿಣ ಆಫ್ರಿಕದಲ್ಲಿ ಎರಡೂವರೆ ತಿಂಗಳ, ವಿಯೆಟ್ನಾಮಿನಲ್ಲಿ 16 ತಿಂಗಳಿಗೂ ಮೀರಿದ ಗಳಿಕೆ. ಅಷ್ಟು ಹಣ ಉಳಿಸಿಕೊಳ್ಳುವ ಸರ್ಕಾರ ಅದರ ಒಂದು ಚೂರನ್ನಾದರೂ ತಿದ್ದುವ ಕೆಲಸಕ್ಕೆ ಕೊಡಬಾರದೇ? ಇದೇ ತಂಡ ಮುಂದೆ ಯುರೋಪಿನ 13 ದೇಶಗಳ ಸ್ಥಳೀಯ ಆಡಳಿತಗಳನ್ನು ವಿಚಾರಿಸಿತು. ಸುಮಾರು ಅರ್ಧದಷ್ಟು ಕಚೇರಿಗಳು ಮುಕ್ತ ತಂತ್ರಾಂಶವನ್ನು ತಿಳಿದು ಬಳಸುತ್ತಿದ್ದವು. ಇನ್ನೂ ಸುಮಾರು 30 ಶೇಕಡಾ ಕಚೇರಿಗಳು ಬಳಸುತ್ತಿದ್ದರೂ ಹಾಗೆಂದು ಅವಕ್ಕೆ ಗೊತ್ತೇ ಇರಲಿಲ್ಲ. ಬಳಸುತ್ತಿದ್ದೇವೆಂದೇ ಅರಿಯದವರು ಸಲಹೆಯನ್ನು ಯಾರಿಗೆಂದು ಕಳಿಸಬೇಕು?  2006ರ ಇನ್ನೊಂದು ವರದಿಯ ಪ್ರಕಾರ ಮುಕ್ತ ತಂತ್ರಾಂಶ ರಂಗದಲ್ಲಿ ಹೆಂಗಸರ ಪಾಲು ಸುಮಾರು ಒಂದೂವರೆ ಶೇಕಡಾ. ಖಾಸಗಿ ತಂತ್ರಾಂಶ ರಂಗದಲ್ಲಿ ಅದು 28 ಶೇಕಡಾ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಎಲ್ಲರೂ ಒಳಗೆ ಬರುವುದಿಲ್ಲ, ಕರೆಯುವವರು ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಕರೆಯುವವರು ಇದ್ದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸಿನಲ್ಲಿ. ಕೇರಳದಲ್ಲಿ 2001ರ ಸುಮಾರಿಗೆ ಶುರುವಾದ ಐಟಿ@ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿತು, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಕೈಟ್ ಉಬುಂಟುವನ್ನು ಆಧಾರವಾಗಿಟ್ಟುಕೊಂಡು ಶಾಲೆಗಳಿಗೆಂದೇ ತನ್ನ ಲಿನಕ್ಸ್ ಆವೃತ್ತಿ ಸಿದ್ಧಪಡಿಸುತ್ತದೆ. ಪಠ್ಯಪುಸ್ತಕ ಬದಲಾದರೆ ಅದಕ್ಕೆ ತಕ್ಕಂತೆ ಒಳಗಿನ ತಂತ್ರಾಂಶಗಳೂ ಬದಲಾಗುತ್ತವೆ. ತರಬೇತಿ ಕೊಡುವವರು ಹೆಚ್ಚಾಗಿ ಶಿಕ್ಷಕರೇ. ತರಗತಿಯಲ್ಲಿ ಏನು ತೊಡಕಾಯಿತೆಂದು ಬಲ್ಲವರೂ ಅವರೇ. ಹಾಗಾಗಿ ಒಬ್ಬ ಟೀಚರಿನ ಅನುಭವ ಮುಂದಿನ ಆವೃತ್ತಿಯನ್ನು ಮುಟ್ಟಲು ಅಲ್ಲಿ ಒಂದು ಮೆಟ್ಟಿಲಿದೆ. ಮಲಯಾಳ ಲಿಪಿಯ ತೊಡಕುಗಳನ್ನು ಬಿಡಿಸಲು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಬಳಗ ಇದರ ಪಕ್ಕದಲ್ಲೇ ವರ್ಷಗಟ್ಟಲೆ ದುಡಿದಿದೆ. ಮೀರ, ರಚನ ಮೊದಲಾದ ಅಕ್ಷರಶೈಲಿಗಳನ್ನು ನೋಡಿಕೊಂಡು ಬಂದದ್ದು ಆ ಬಳಗ. ಕರ್ನಾಟಕದಲ್ಲಿ ಇಂಥದ್ದು ಮೊಳೆಯಲೇ ಇಲ್ಲ ಎನ್ನಲಾಗದು. 2011ರಿಂದ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯ ಜೊತೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಿ ಕಲಿತರು, ಕಲಿಕಾ ಸಾಮಗ್ರಿ ತಯಾರಿಸಿ ಹಂಚಿಕೊಂಡರು. ಆದರೆ ಯೋಜನೆ ಇರುವವರೆಗೆ ಸಲಹೆ ಹರಿಯುತ್ತದೆ, ಯೋಜನೆ ಮುಗಿದರೆ ನಿಲ್ಲುತ್ತದೆ. ಕೇರಳಕ್ಕೂ ನಮಗೂ ಇರುವ ವ್ಯತ್ಯಾಸ ಇದೇ. ಅಲ್ಲಿ ಅದು ಕಾಯಂ ಸಂಸ್ಥೆ, ಇಲ್ಲಿ ಅವಧಿಯ ಕಾರ್ಯಕ್ರಮ.

ಮೊಬೈಲ್ ಬಂದ ಮೇಲೆ ಡೆಸ್ಕ್‌ಟಾಪಿಗೆ ಯಾಕೆ ಇಷ್ಟು ತಲೆಬಿಸಿ ಎಂದು ಕೇಳುವವರೂ ಇದ್ದಾರೆ. ಪಂಚಾಯಿತಿಯ ನಡಾವಳಿ, ಶಾಲೆಯ ಪ್ರಶ್ನೆಪತ್ರಿಕೆ, ನ್ಯಾಯಾಲಯದ ಅರ್ಜಿ, ಪುಸ್ತಕದ ಕರಡು, ಇವೆಲ್ಲ ಇಂದಿಗೂ ತಯಾರಾಗುವುದು ಕೀಲಿಮಣೆ ಇರುವ ಕಂಪ್ಯೂಟರಿನಲ್ಲೇ. ಭಾಷೆಯ ಗಂಭೀರ ಬರವಣಿಗೆ ಎಲ್ಲಿ ನಡೆಯುತ್ತದೋ ಅಲ್ಲಿ ಭಾಷೆ ಕುಂಟಬಾರದು.

ಆದ್ದರಿಂದ ನನ್ನ ಕೋರಿಕೆ ಎರಡು ಕಡೆಗೆ. ಕರ್ನಾಟಕದ ಯಾವುದಾದರೂ ಒಂದು ಸಾರ್ವಜನಿಕ ಸಂಸ್ಥೆ, ಅದು ವಿಶ್ವವಿದ್ಯಾಲಯದ ಕನ್ನಡ ವಿಭಾಗವೇ ಆಗಲಿ, ಕನ್ನಡ ಅಭಿವೃದ್ಧಿ ಪ್ರಾಧಿಕಾರವೇ ಆಗಲಿ, ಕಾಯಂ ಸಂಬಳದ ನಾಲ್ಕು ಜನರನ್ನು ಈ ಕೆಲಸಕ್ಕೆ ಇಡಲಿ. ಕನ್ನಡದಲ್ಲೇ ಸಲಹೆ ಪಡೆಯುವುದು, ಅದನ್ನು ಯಂತ್ರದಲ್ಲಿ ಮಾಡಿ ನೋಡುವುದು, ಆಧಾರ ಸಹಿತ ಇಂಗ್ಲಿಷಿಗೆ ತಂದು ಡೆಬಿಯನ್, ಉಬುಂಟು, ಗ್ನೋಮ್, ಕೆಡಿಇ ತಂಡಗಳಿಗೆ ಒಪ್ಪಿಸುವುದು, ಆದಷ್ಟನ್ನು ತಾವೇ ತಿದ್ದಿ ಕಳಿಸುವುದು, ಏನಾಯಿತೆಂದು ಸಲಹೆ ಕೊಟ್ಟವರಿಗೆ ತಿಳಿಸುವುದು ಅವರ ಕೆಲಸ. ಕೊನೆಯದನ್ನು ಮರೆಯಬಾರದು, ಉತ್ತರ ಸಿಗದವರು ಎರಡನೆಯ ಸಲ ಬರೆಯುವುದಿಲ್ಲ. ಇನ್ನು ಲಿನಕ್ಸ್ ಬಳಸುವ ಕೇಳುಗರಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ಒಂದು ಕಡೆ ತಡವರಿಸಿದಾಗ ಗೊಣಗಿ ಬಿಡಬೇಡಿ. ಏನು ಮಾಡಲು ಹೊರಟಿರಿ, ಏನಾಗಬೇಕಿತ್ತು, ಏನಾಯಿತು, ಯಾವ ಆವೃತ್ತಿ ಎಂಬುದನ್ನು ಐದಾರು ಸಾಲಿನಲ್ಲಿ ಬರೆದಿಡಿ, ಪರದೆಯ ಚಿತ್ರ ತೆಗೆದಿಡಿ, ಇಂಗ್ಲಿಷ್ ಬಲ್ಲ ಮಕ್ಕಳೋ ಸಹೋದ್ಯೋಗಿಗಳೋ ಇದ್ದರೆ ಅವರ ಕೈಯಲ್ಲಿ ಸಂಬಂಧಪಟ್ಟ ತಂಡಕ್ಕೆ ಕಳಿಸಿ. ಕನ್ನಡದ ತೊಡಕನ್ನು ಕನ್ನಡಿಗರಲ್ಲದೆ ಬೇರೆ ಯಾರೂ ಅವರಿಗೆ ಹೇಳಲಾರರು.